ಹವಾಮಾನ ಎಚ್ಚರಿಕೆ ರೇಡಿಯೊ: ಅಂಗಡಿಯ ಸೆಟ್ಟೋ, ಚಿಪ್ಪೋ, ಡಾಂಗಲ್ಲೋ?

ಮೊದಲು ತೀರ್ಪು ಹೇಳಿಬಿಡೋಣ. ಅಮೆರಿಕದಲ್ಲಿ, ಅದರಲ್ಲೂ ಟೆಕ್ಸಸ್, ಒಕ್ಲಹೋಮ, ಕನ್ಸಾಸ್, ಅಲಬಾಮ ಕಡೆ ಮನೆ ಮಾಡಿರುವವರು ಮಿಡ್‌ಲ್ಯಾಂಡ್ ಡಬ್ಲ್ಯೂಆರ್120 ತರಹದ ಮೇಜಿನ ಎಚ್ಚರಿಕೆ ರೇಡಿಯೊ ಸೆಟ್ ಒಂದನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳಲೇಬೇಕು. ಸೋಲ್ಡರಿಂಗ್ ಮತ್ತು ಸ್ವಲ್ಪ ಕೋಡಿಂಗ್ ಬರುವವರು ಎಸ್‌ಐ4707 ಎಂಬ ಹವಾಮಾನ ರೇಡಿಯೊ ಚಿಪ್ ಇರುವ ಬೋರ್ಡಿನಿಂದ ಅದಕ್ಕಿಂತ ಜಾಣ ಸೆಟ್ ಕಟ್ಟಬಹುದು. ಆದರೆ ಅದು ಮನೆಯ ಎರಡನೇ ಸೆಟ್ ಆಗಲಿ, ಮೊದಲನೆಯದಲ್ಲ. ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೊ ಹಿಡಿಯುವ ತುಂಡು) ಕಲಿಯುವುದಕ್ಕೆ ಚೆನ್ನ. ರಾತ್ರಿಯೆಲ್ಲ ಕಾವಲು ಕಾಯುವುದಕ್ಕೆ ಬೇಡ.

ಫೋನಿಗೇ ಎಚ್ಚರಿಕೆ ಬರುವಾಗ ಈ ಡಬ್ಬ ಏಕೆ ಎಂದು ಕೇಳುವವರು ಬಹಳ. ಫೋನಿಗೆ ಎಲ್ಲ ಎಚ್ಚರಿಕೆಯೂ ಬರುವುದಿಲ್ಲ. ಗುಡುಗುಸಹಿತ ಬಿರುಗಾಳಿಯ ವಾರ್ನಿಂಗ್ ಫೋನಿಗೆ ಬರುವುದು ಗಾಳಿಯ ವೇಗ ಗಂಟೆಗೆ 80 ಮೈಲಿ ಮುಟ್ಟುವಂತಿದ್ದರೆ ಅಥವಾ ಆಲಿಕಲ್ಲು 2.75 ಇಂಚು ದಪ್ಪ ಇರುವಂತಿದ್ದರೆ ಮಾತ್ರ. 2021ರಿಂದ ಹೀಗೆ. ಕಾರಿನ ಗಾಜು ಒಡೆಯಲು ಅಷ್ಟು ದಪ್ಪದ ಆಲಿಕಲ್ಲು ಬೇಕಿಲ್ಲ. ರೇಡಿಯೊದಲ್ಲಿ ಆ ಬಗೆಯ ವಾರ್ನಿಂಗ್ ಪ್ರತಿಯೊಂದೂ ಹೊರಡುತ್ತದೆ. ಮೊಬೈಲ್ ಟವರಿಗೆ ಕರೆಂಟ್ ಹೋದರೂ ಅದಕ್ಕೆ ಸಂಬಂಧವಿಲ್ಲ. 2025ರ ಜುಲೈ 4ರಂದು ಟೆಕ್ಸಸ್‌ನ ಕೆರ್ ಕೌಂಟಿಗೆ (ಕೌಂಟಿ ಅಂದರೆ ಅಲ್ಲಿನ ಜಿಲ್ಲೆ) ದಿಢೀರ್ ಪ್ರವಾಹದ ವಾರ್ನಿಂಗ್ ಹೊರಟದ್ದು ನಡುರಾತ್ರಿ 1 ಗಂಟೆ 14 ನಿಮಿಷಕ್ಕೆ. ಆ ಹೊತ್ತಿನಲ್ಲಿ ಫೋನ್ ಪಕ್ಕದ ಕೋಣೆಯಲ್ಲಿ ಚಾರ್ಜಿಗೆ ಇರುತ್ತದೆ, ಇಲ್ಲವೆ ಸಿಗ್ನಲ್ಲೇ ಇರುವುದಿಲ್ಲ. ಮಲಗಿದವರನ್ನು ಎಬ್ಬಿಸುವುದೊಂದೇ ಈ ರೇಡಿಯೊದ ಕೆಲಸ.

ವ್ಯವಸ್ಥೆ ಹೀಗಿದೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಸಾವಿರಕ್ಕೂ ಹೆಚ್ಚು ಟ್ರಾನ್ಸ್‌ಮಿಟರ್‌ಗಳಿಂದ ದಿನವಿಡೀ ಪ್ರಸಾರ ಮಾಡುತ್ತದೆ. ಇರುವುದು ಏಳೇ ಚಾನೆಲ್: 162.400ರಿಂದ 162.550 ಮೆಗಾಹರ್ಟ್ಝ್‌ವರೆಗೆ, 25 ಕಿಲೋಹರ್ಟ್ಝ್ ಅಂತರದಲ್ಲಿ. ಎಚ್ಚರಿಕೆ ಹೊರಡುವಾಗ ಮೊದಲು ಕರಕರ ಎನ್ನುವ ಡಿಜಿಟಲ್ ಸದ್ದು ಮೂರು ಸಲ, ಆಮೇಲೆ 1050 ಹರ್ಟ್ಝ್‌ನ ಉದ್ದನೆಯ ಕೂಗು, ನಂತರ ಮಾತು, ಕೊನೆಗೆ ಮುಗಿಯಿತೆಂಬ ಸಂಕೇತ ಮೂರು ಸಲ. ಆ ಕರಕರ ಸದ್ದಿಗೆ ‘ಸೇಮ್’ ಸಂಕೇತ ಎಂದು ಹೆಸರು. ಅದರೊಳಗೆ ಏನು ಅಪಾಯ, ಯಾವ ಕೌಂಟಿಗಳಿಗೆ, ಎಷ್ಟು ಹೊತ್ತು, ಯಾವಾಗ ಹೊರಟಿತು, ಯಾವ ಕಚೇರಿಯಿಂದ ಎಂಬುದೆಲ್ಲ ಅಡಗಿರುತ್ತದೆ. ಒಂದು ಸಂದೇಶದಲ್ಲಿ 31 ಕೌಂಟಿಗಳವರೆಗೆ ಸೇರಿಸಬಹುದು. ಈ ಸಂಕೇತ ಓದಲು ಬಾರದೆ ಬರೀ 1050 ಹರ್ಟ್ಝ್ ಕೂಗಿಗೆ ಎಚ್ಚರಗೊಳ್ಳುವ ಅಗ್ಗದ ಸೆಟ್‌ಗಳು ಈಗಲೂ ಮಾರಾಟಕ್ಕಿವೆ. ಟ್ರಾನ್ಸ್‌ಮಿಟರ್ ವ್ಯಾಪ್ತಿ ಸುಮಾರು 40 ಮೈಲಿ. ಅಷ್ಟರೊಳಗೆ ಎಲ್ಲಿ ಏನಾದರೂ ಅವು ಬಾಯಿ ಬಿಡುತ್ತವೆ. ಕೊಳ್ಳಬೇಡಿ. ಪೆಟ್ಟಿಗೆಯ ಮೇಲೆ ‘ಪಬ್ಲಿಕ್ ಅಲರ್ಟ್’ ಗುರುತಿದೆಯೇ ನೋಡಿ. ಅದು ಇದ್ದರೆ ಸಂಕೇತ ಓದುವ ಮಟ್ಟಿಗೆ ಸೆಟ್ ಪರೀಕ್ಷೆ ಪಾಸಾಗಿದೆ ಎಂದರ್ಥ.

ಡಬ್ಲ್ಯೂಆರ್120 ನೋಡಲು ಹಳೇ ಕಾಲದ ಅಲಾರಂ ಗಡಿಯಾರ. ಏಳೂ ಚಾನೆಲ್, 25 ಕೌಂಟಿಗಳವರೆಗೆ ನೆನಪು, ಕರೆಂಟ್ ಹೋದಾಗ ಮೂರು ಎಎ ಬ್ಯಾಟರಿ, ಹಿಂದೆ ಹೊರ ಆಂಟೆನಾಕ್ಕೆ ತೂತು. ವಾರ್ನಿಂಗ್ (ಅಪಾಯ ಬಂದೇ ಬಿಟ್ಟಿದೆ) ಆದರೆ ಕೆಂಪು ದೀಪ, ವಾಚ್ (ಅಪಾಯ ಬರಬಹುದು) ಆದರೆ ಕಿತ್ತಳೆ, ಅದಕ್ಕಿಂತ ಕೆಳಗಿನದಕ್ಕೆ ಹಳದಿ. ಸೈರನ್ ಮಾತ್ರ ಬೇಕೋ, ಮಾತೂ ಬೇಕೋ, ಪರದೆಯ ಮೇಲೆ ಬರಹ ಸಾಕೋ ಎಂದು ಆರಿಸಬಹುದು. ಮಲಗುವ ಕೋಣೆಯ ಸೆಟ್ಟಿಗೆ ಮಾತೂ ಇರಲಿ. ಬರೀ ಸೈರನ್ ಕೇಳಿ ಎದ್ದವರು ನಿದ್ದೆಗಣ್ಣಿನಲ್ಲಿ ಕಾರಣ ಹುಡುಕುತ್ತ ಕೂರುತ್ತಾರೆ. ಎಎಂ, ಎಫ್‌ಎಂ ಇದರಲ್ಲಿಲ್ಲ. ಬೇಕಿದ್ದವರಿಗೆ ಇದೇ ಕಂಪನಿಯ ಡಬ್ಲ್ಯೂಆರ್400 ಇದೆ. ಎಚ್ಚರಿಕೆಯ ಕೆಲಸ ಎರಡೂ ಮಾಡುತ್ತವೆ, ಹೆಚ್ಚಿನ ದುಡ್ಡು ಹಾಡು ಕೇಳುವುದಕ್ಕೆ.

ಸೆಟ್ ತಂದ ಮೇಲೆ ಮುಖ್ಯವಾದ ಐದು ನಿಮಿಷ ಯಾವುದೆಂದರೆ ‘ಲೊಕೇಶನ್’ ಮೆನು. ಅಲ್ಲಿ ಮೂರು ಆಯ್ಕೆ: ಎನಿ, ಸಿಂಗಲ್, ಮಲ್ಟಿಪಲ್. ಎನಿಯಲ್ಲಿ ಬಿಟ್ಟರೆ ಆ ಟ್ರಾನ್ಸ್‌ಮಿಟರಿನಿಂದ ಹೊರಡುವ ಪ್ರತಿ ಕೌಂಟಿಯ ಎಚ್ಚರಿಕೆಗೂ ಸೆಟ್ ಕಿರುಚುತ್ತದೆ. ಏಪ್ರಿಲ್‌ನಲ್ಲಿ ಎರಡು ರಾತ್ರಿ ಹೀಗಾದರೆ ಮೂರನೇ ರಾತ್ರಿ ಮನೆಯವರೇ ಪ್ಲಗ್ ಕಿತ್ತು ಬೀರುವಿಗೆ ಹಾಕುತ್ತಾರೆ. ಈ ರೇಡಿಯೊ ಸೋಲುವುದು ಹೆಚ್ಚಾಗಿ ಹೀಗೆಯೇ. ‘ತೋಳ ಬಂತು ತೋಳ’ ಎಂದ ಹುಡುಗನ ಗತಿ. ಸಿಂಗಲ್ ಆರಿಸಿ ನಿಮ್ಮ ಕೌಂಟಿಯ ಆರಂಕಿ ಸಂಖ್ಯೆ ಕೊಡಿ, ಇಲ್ಲವೆ ಹೊಸ ಆವೃತ್ತಿಗಳಲ್ಲಿ ರಾಜ್ಯ, ಕೌಂಟಿಯ ಹೆಸರನ್ನೇ ಆರಿಸಿ. ಡಲ್ಲಾಸ್ ಕೌಂಟಿಗೆ 048113. ಮೊದಲ ಅಂಕಿ ಕೌಂಟಿಯ ಯಾವ ಭಾಗ ಎಂಬುದಕ್ಕೆ, ಸೊನ್ನೆ ಎಂದರೆ ಪೂರ್ತಿ ಕೌಂಟಿ, 48 ಟೆಕ್ಸಸ್, 113 ಡಲ್ಲಾಸ್. ಊರು ಎರಡು ಕೌಂಟಿಗೆ ಹರಡಿದ್ದರೆ ಮನೆ ಯಾವುದರಲ್ಲಿದೆ ಎಂದು ತೆರಿಗೆ ರಸೀದಿಯಲ್ಲಿ ನೋಡಿಕೊಳ್ಳಿ. ಡಲ್ಲಾಸ್ ಹತ್ತಿರದ ಫ್ರಿಸ್ಕೊ ಊರಿನಲ್ಲಿ ಒಂದು ಬೀದಿಯವರು ಕಾಲಿನ್ ಕೌಂಟಿ (048085), ಇನ್ನೊಂದು ಬೀದಿಯವರು ಡೆಂಟನ್ (048121). ಗಡಿಯ ಹತ್ತಿರ ಇರುವವರು ಮಲ್ಟಿಪಲ್‌ನಲ್ಲಿ ಎರಡನ್ನೂ ಹಾಕಿಕೊಳ್ಳುವುದು ಒಳ್ಳೆಯದು. ಬಿರುಗಾಳಿ ಆ ಕಡೆ ಸಾಮಾನ್ಯವಾಗಿ ಪಶ್ಚಿಮದಿಂದ ಬರುವುದರಿಂದ ಪಶ್ಚಿಮದ ಪಕ್ಕದ ಕೌಂಟಿಯನ್ನೂ ಸೇರಿಸಿಕೊಳ್ಳುವವರಿದ್ದಾರೆ. ಹತ್ತು ಹದಿನೈದು ನಿಮಿಷ ಮೊದಲೇ ಗೊತ್ತಾಗುತ್ತದೆ ನಿಜ, ಸುಳ್ಳು ಎಚ್ಚರವೂ ದುಪ್ಪಟ್ಟಾಗುತ್ತದೆ. ನಿದ್ದೆ ಹಗುರವಾಗಿರುವವರಿಗೆ ಬೇಡ.

ಚಾನೆಲ್ ಆರಿಸುವಲ್ಲಿ ಎಡವುವ ಇನ್ನೊಂದು ಜಾಗ ಇದೆ. ಜೋರಾಗಿ ಕೇಳುವ ಕೇಂದ್ರವೇ ಸರಿಯಾದ ಕೇಂದ್ರ ಎಂದು ಜನ ತಿಳಿಯುತ್ತಾರೆ. ಡಲ್ಲಾಸ್ ಕೇಂದ್ರ ಇರುವುದು 162.400ರಲ್ಲಿ, ಫೋರ್ಟ್‌ವರ್ತ್ ಕೇಂದ್ರ 162.550ರಲ್ಲಿ. ನಡುವಿನ ಊರುಗಳಲ್ಲಿ ಎರಡೂ ಸೊಗಸಾಗಿ ಕೇಳುತ್ತವೆ. ಆದರೆ ನಿಮ್ಮ ಕೌಂಟಿಯ ಸಂಕೇತವನ್ನು ಯಾವ ಕೇಂದ್ರ ಕಳಿಸುತ್ತದೆ ಎಂಬುದು ಬೇರೆ ವಿಷಯ. ಕಳಿಸದ ಕೇಂದ್ರಕ್ಕೆ ಟ್ಯೂನ್ ಮಾಡಿದ ಸೆಟ್ ಚೆನ್ನಾಗಿ ಮಾತಾಡುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ, ಸುಂಟರಗಾಳಿ ಬಂದಾಗ ತೆಪ್ಪಗಿರುತ್ತದೆ. ಹವಾಮಾನ ಸೇವೆಯ ಜಾಲತಾಣದಲ್ಲಿ ಕೌಂಟಿವಾರು ಪಟ್ಟಿ ಇದೆ, ಅದನ್ನು ನೋಡಿಯೇ ಚಾನೆಲ್ ಹಾಕಿ.

ಇದಕ್ಕೆಲ್ಲ ಪರೀಕ್ಷೆ ಒಂದೇ. ಹೆಚ್ಚಿನ ಕಚೇರಿಗಳು ಬುಧವಾರ ಮಧ್ಯಾಹ್ನ 11ರಿಂದ 12ರ ಒಳಗೆ ವಾರದ ಪರೀಕ್ಷೆ ಕಳಿಸುತ್ತವೆ. ಬಿರುಗಾಳಿಯ ಸೂಚನೆ ಇದ್ದ ದಿನ ಮುಂದೂಡುತ್ತವೆ. ಆ ಪರೀಕ್ಷೆಗೆ ಸೈರನ್ ಕೂಗುವುದಿಲ್ಲ, ಪರದೆಯ ಮೇಲೆ ಬರಹ ಬರುತ್ತದೆ, ಅಷ್ಟೆ. ಬುಧವಾರ ಸಂಜೆ ಮನೆಗೆ ಬಂದು ಆ ಬರಹ ಇದೆಯೇ ನೋಡಿದರೆ ಚಾನೆಲ್, ಕೌಂಟಿ ಸಂಖ್ಯೆ, ಆಂಟೆನಾ ಮೂರೂ ಒಂದೇ ಏಟಿಗೆ ಪರೀಕ್ಷೆಯಾದಂತೆ. ಪರೀಕ್ಷೆ ಬಾರದೆ ಹೋದರೆ ‘ಚೆಕ್ ಆಪರೇಷನ್’ ಎಂಬ ಬರಹ ತೋರಿಸುವುದು ಡಬ್ಲ್ಯೂಆರ್120ರ ಬಹಳ ಒಳ್ಳೆಯ ಗುಣ. ತನಗೆ ಕಿವಿ ಕೇಳುತ್ತಿಲ್ಲ ಎಂದು ತಾನೇ ಹೇಳುವ ಸೆಟ್ಟಿಗೆ ನಮ್ಮ ಕಣ್ಣಲ್ಲಿ ಬಣ್ಣದ ಪರದೆಗಿಂತ ಬೆಲೆ ಹೆಚ್ಚು. ಆ ಬರಹ ಕಂಡರೆ ತಕ್ಷಣ ಮೂರನ್ನೂ ಒಂದೊಂದಾಗಿ ನೋಡಿ.

ಕಿವಿ ಎಂದರೆ ಆಂಟೆನಾ. ಸೆಟ್ಟಿನ ಮೇಲಿನ ಕಡ್ಡಿಯನ್ನು ಪೂರ್ತಿ ಎಳೆದು ನೆಟ್ಟಗೆ ನಿಲ್ಲಿಸಿ, ಏಕೆಂದರೆ ಪ್ರಸಾರ ನೇರ ನಿಂತ ತರಂಗದಲ್ಲಿ ಬರುತ್ತದೆ. ಅಡ್ಡ ಮಲಗಿಸಿದರೆ ಸಿಗ್ನಲ್ ಬಿದ್ದುಹೋಗುತ್ತದೆ. ಕಿಟಕಿಯ ಹತ್ತಿರ, ಟ್ರಾನ್ಸ್‌ಮಿಟರ್ ಇರುವ ದಿಕ್ಕಿನ ಗೋಡೆಗೆ ಇಡಿ. ಎಲ್‌ಇಡಿ ಬಲ್ಬು, ಅಗ್ಗದ ಫೋನ್ ಚಾರ್ಜರ್, ವೈಫೈ ಪೆಟ್ಟಿಗೆ ಇವು 162 ಮೆಗಾಹರ್ಟ್ಝ್‌ನಲ್ಲಿ ಸದ್ದು ಚೆಲ್ಲುತ್ತವೆ. ಒಂದು ಮೀಟರ್ ದೂರ ಸರಿಸಿದರೆ ಎಷ್ಟೋ ಸಲ ಸಮಸ್ಯೆ ಮುಗಿಯುತ್ತದೆ. ಕಬ್ಬಿಣದ ಸರಳು ತುಂಬಿದ ಅಪಾರ್ಟ್‌ಮೆಂಟ್ ಗೋಡೆ, ನೆಲಮಾಳಿಗೆ ಇದ್ದರೆ ಹೊರ ಆಂಟೆನಾ ಬೇಕೇ ಬೇಕು. ಮನೆಯಲ್ಲೇ ಮಾಡಬಹುದು: ಈ ತರಂಗದ ಕಾಲುಭಾಗ ಲೆಕ್ಕಕ್ಕೆ 46 ಸೆಂಟಿಮೀಟರ್, ತಂತಿಯನ್ನು 44ಕ್ಕೆ ಕತ್ತರಿಸಿದರೆ ಸರಿಹೊಂದುತ್ತದೆ. ಅಂಥ ಎರಡು ತುಂಡು ತಾಮ್ರದ ತಂತಿ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ನಡುವೆ ಕೋಆಕ್ಸ್ ಕೇಬಲ್ಲಿನ ಒಳತಂತಿ ಮೇಲಿನದಕ್ಕೆ, ಹೊರಜಾಲರಿ ಕೆಳಗಿನದಕ್ಕೆ. ಕೇಬಲ್ಲನ್ನು ಅರ್ಧ ಮೀಟರಿನಷ್ಟು ಪಕ್ಕಕ್ಕೆ ಎಳೆದು ಆಮೇಲೆ ಕೆಳಗಿಳಿಸಿ. ಕೆಳಗಿನ ತಂತಿಗೆ ಅಂಟಿಕೊಂಡು ಇಳಿದರೆ ಕೇಬಲ್ಲೇ ಆಂಟೆನಾ ಆಗಿ ಲೆಕ್ಕ ಕೆಡುತ್ತದೆ.

ಬ್ಯಾಟರಿಯ ಬಗ್ಗೆ ಒಂದೇ ಮಾತು. ಕ್ಷಾರೀಯ ಬ್ಯಾಟರಿ ಒಳಗೇ ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ, ಫೆಬ್ರವರಿಯಲ್ಲಿ ಒಮ್ಮೆ ಬದಲಿಸಿಬಿಡಿ.

ಈಗ ಎಸ್‌ಐ4707. ಸಿಲಿಕಾನ್ ಲ್ಯಾಬ್ಸ್ ತಂದ ಈ ಚಿಪ್ 3 ಮಿಲಿಮೀಟರ್ ಚೌಕ, ಅದರೊಳಗೆ ಹವಾಮಾನ ಬ್ಯಾಂಡಿನ ರಿಸೀವರ್, 1050 ಹರ್ಟ್ಝ್ ಪತ್ತೆ, ಸೇಮ್ ಸಂಕೇತ ಓದುವ ಭಾಗ ಎಲ್ಲವೂ ಇವೆ. ಬಿಡಿ ಚಿಪ್ಪಿಗೆ ಕೈಯಲ್ಲಿ ಸೋಲ್ಡರ್ ಹಾಕಲು ಹೋಗಬೇಡಿ, 32.768 ಕಿಲೋಹರ್ಟ್ಝ್ ಕ್ರಿಸ್ಟಲ್ ಸಮೇತ ಸಿದ್ಧ ಬೋರ್ಡ್ ತನ್ನಿ. ಜೊತೆಗೆ 3.3 ವೋಲ್ಟಿನ ಮೈಕ್ರೊಕಂಟ್ರೋಲರ್, ಚಿಕ್ಕ ಆಡಿಯೊ ಆಂಪ್ಲಿಫೈಯರ್, ಸ್ಪೀಕರ್, ಸೈರನ್ನಿಗೆ ಪೀಜೋ ಬಜರ್. 5 ವೋಲ್ಟಿನ ಆರ್ಡುಯಿನೊ ಬಳಸುವುದಾದರೆ ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಹಾಕಿ.

ಚಿಪ್ಪನ್ನು ಎಬ್ಬಿಸುವ ಕ್ರಮದಲ್ಲೇ ಬಹಳ ಜನ ಎಡವುತ್ತಾರೆ. ರೀಸೆಟ್ ಕಾಲನ್ನು (ಪಿನ್) ಕೆಳಗೆ, ಅಂದರೆ 0 ವೋಲ್ಟಿನಲ್ಲಿ, ಹಿಡಿದು ವಿದ್ಯುತ್ ಕೊಟ್ಟು ಆಮೇಲೆ ಮೇಲೆತ್ತಬೇಕು. ಪವರ್‌ಅಪ್ ಆದೇಶ ಕೊಟ್ಟ ಮೇಲೆ ಕ್ರಿಸ್ಟಲ್ ಸ್ಥಿರವಾಗಲು 500 ಮಿಲಿಸೆಕೆಂಡ್ ಕಾಯಬೇಕು. ಅವಸರದಲ್ಲಿ ಟ್ಯೂನ್ ಮಾಡಿದರೆ ಒಮ್ಮೆ ಕೆಲಸ ಮಾಡುತ್ತದೆ, ಇನ್ನೊಮ್ಮೆ ಇಲ್ಲ. ಚಿಪ್ಪಿನ ಐ2ಸಿ ವಿಳಾಸ (ಮೈಕ್ರೊಕಂಟ್ರೋಲರ್ ಅದನ್ನು ಕರೆಯುವ ಸಂಖ್ಯೆ) ಸೆನ್ ಕಾಲು ಕೆಳಗಿದ್ದರೆ 17, ಮೇಲಿದ್ದರೆ 99, ದಶಮಾನದಲ್ಲಿ. ಬೋರ್ಡ್ ಒಂದು ರೀತಿ, ಲೈಬ್ರರಿ ಇನ್ನೊಂದು ರೀತಿ ಇದ್ದು ಚಿಪ್ಪೇ ಸುಟ್ಟಿದೆ ಎಂದುಕೊಳ್ಳುವವರು ಕಡಿಮೆಯಿಲ್ಲ. ಆವರ್ತನವನ್ನು 2.5 ಕಿಲೋಹರ್ಟ್ಝ್ ಲೆಕ್ಕದಲ್ಲಿ ಕೊಡಬೇಕು: 162.400ಕ್ಕೆ 64960, 162.550ಕ್ಕೆ 65020.

ಈ ಚಿಪ್ಪಿನ ನಿಜವಾದ ಜಾಣತನ ಸಂಕೇತ ಓದುವಲ್ಲಿದೆ. ಸೇಮ್ ಸಂಕೇತ ಸೆಕೆಂಡಿಗೆ 520.83 ಬಿಟ್ ವೇಗದಲ್ಲಿ, 2083.3 ಮತ್ತು 1562.5 ಹರ್ಟ್ಝ್‌ನ ಎರಡು ಸ್ವರಗಳಲ್ಲಿ ಬರುತ್ತದೆ. ಅದರಲ್ಲಿ ತಪ್ಪು ಪತ್ತೆಹಚ್ಚುವ ಲೆಕ್ಕದ ಅಂಕಿಯೇ ಇಲ್ಲ. ಮೂರು ಸಲ ಕಳಿಸುವುದೊಂದೇ ರಕ್ಷಣೆ. ಮೂರರಲ್ಲಿ ಎರಡು ಹೊಂದಿದರೆ ನಂಬು ಎಂಬುದು ನಿಯಮ. ಎಸ್‌ಐ4707 ಒಂದು ಹೆಜ್ಜೆ ಮುಂದೆ ಹೋಗಿ ಪ್ರತಿ ಅಕ್ಷರಕ್ಕೂ 0ರಿಂದ 3ರವರೆಗೆ ನಂಬಿಕೆಯ ಅಂಕ ಕೊಡುತ್ತದೆ. ಇದನ್ನು ಬಳಸದೆ ಬರೀ ಅಕ್ಷರ ಹೋಲಿಸುವ ಕೋಡ್ ಬರೆದರೆ ದುರ್ಬಲ ಸಿಗ್ನಲ್ಲಿನಲ್ಲಿ 048113 ಎಂಬುದು ಒಂದು ಅಂಕಿ ಕೆಟ್ಟು ಬೇರೆ ಕೌಂಟಿಯಾಗುತ್ತದೆ, ಸೆಟ್ ಸುಮ್ಮನಿರುತ್ತದೆ. ಅಂಕಿ ಹೊಂದಲಿಲ್ಲ, ಆದರೆ ಆ ಜಾಗದ ನಂಬಿಕೆಯ ಅಂಕವೂ 0 ಅಥವಾ 1 ಇದೆ ಎಂದಾದರೆ ಕೂಗಲು ಬಿಡಿ. ಹಾಗೆಯೇ ಸಂಕೇತ ಒಂದೂ ಸರಿಯಾಗಿ ಸಿಗದೆ 1050 ಹರ್ಟ್ಝ್ ಮಾತ್ರ ಕೇಳಿಸಿದರೂ ಕೂಗಬೇಕು. ಅನುಮಾನದ ಲಾಭ ಸದಾ ಸೈರನ್ನಿಗೆ.

ಕೋಡಿನಲ್ಲಿ ಮತ್ತೆ ಮತ್ತೆ ಕಾಣುವ ದೋಷಗಳು ಬೇರೆ ಇವೆ. ಸಂಕೇತದಲ್ಲಿರುವ ಸಮಯ ಗ್ರೀನಿಚ್ ಸಮಯ. ವರ್ಷದ ಎಷ್ಟನೇ ದಿನ, ಗಂಟೆ, ನಿಮಿಷ ಇರುತ್ತವೆ, ವರ್ಷ ಇರುವುದಿಲ್ಲ. ಡಲ್ಲಾಸ್ ಬೇಸಿಗೆಯಲ್ಲಿ ಅದಕ್ಕಿಂತ ಐದು ಗಂಟೆ ಹಿಂದೆ. ಸ್ಥಳೀಯ ಗಡಿಯಾರಕ್ಕೆ ಹೋಲಿಸಿದ ಕೋಡ್ ಈಗಷ್ಟೇ ಬಂದ ಎಚ್ಚರಿಕೆಯನ್ನು ‘ಭವಿಷ್ಯದ್ದು’ ಎಂದು ಎಸೆಯುತ್ತದೆ. ಡಿಸೆಂಬರ್ 31ರ ಸಂಜೆ ದಿನದ ಸಂಖ್ಯೆ 1ಕ್ಕೆ ಮರಳುವಾಗಲೂ ಇದೇ ಪಾಡು. ಎರಡನೆಯದು, ಒಂದು ಸಂದೇಶ ಓದಿದ ಮೇಲೆ, ಬಂದ ಅಕ್ಷರಗಳನ್ನು ಕೂಡಿಡುವ ಚಿಪ್ಪಿನ ಬಫರ್ ಖಾಲಿ ಮಾಡದಿರುವುದು. ಮುಂದಿನ ಸಂದೇಶದ ಬಾಲಕ್ಕೆ ಹಿಂದಿನದರ ತುಣುಕು ಅಂಟಿಕೊಳ್ಳುತ್ತದೆ. ಬಫರನ್ನು ಒಮ್ಮೆಗೆ ಎಂಟೆಂಟು ಅಕ್ಷರವಾಗಿ ಓದಬೇಕಾದ್ದರಿಂದ ಕೌಂಟಿ ಹೆಚ್ಚಿರುವ ಸಂದೇಶದಲ್ಲಿ ಕೊನೆಯ ಕೌಂಟಿಗಳನ್ನು ಓದದೇ ಬಿಡುವ ಕೋಡೂ ಉಂಟು. ಮೂರನೆಯದು, ‘ಮುಗಿಯಿತು’ ಸಂಕೇತ ಬರುವವರೆಗೆ ಸ್ಪೀಕರ್ ತೆರೆದಿಡುವುದು. ಗುಡುಗಿನ ಸದ್ದಿನಲ್ಲಿ ಆ ಸಂಕೇತ ತಪ್ಪಿದರೆ ರಾತ್ರಿಯಿಡೀ ಹವಾಮಾನ ವರದಿ ಕೇಳಬೇಕಾಗುತ್ತದೆ. ಐದು ನಿಮಿಷದ ಮಿತಿ ಹಾಕಿ.

ಯಾವ ಬಗೆಯ ಎಚ್ಚರಿಕೆಗೆ ಎಷ್ಟು ಗದ್ದಲ ಎಂಬುದನ್ನು ನೀವೇ ನಿರ್ಧರಿಸಬಹುದು ಎಂಬುದು ಸ್ವಂತ ಸೆಟ್ಟಿನ ದೊಡ್ಡ ಲಾಭ. ಸುಂಟರಗಾಳಿ, ದಿಢೀರ್ ಪ್ರವಾಹದ ವಾರ್ನಿಂಗಿಗೆ ಪೂರ್ತಿ ಸೈರನ್. ವಾಚ್ ಬಂದರೆ ಹಗಲಲ್ಲಿ ಒಂದು ಟಿಣ್, ರಾತ್ರಿ ದೀಪ ಮಾತ್ರ. ನಂತರದ ಬೆಳವಣಿಗೆ ಹೇಳುವ ಹೇಳಿಕೆಗಳನ್ನು ಕಿರಿಕಿರಿ ಎಂದು ಪೂರ್ತಿ ಮುಚ್ಚುವವರಿದ್ದಾರೆ. ಅದು ತಪ್ಪು. ಆರಂಭದಲ್ಲಿ ಸಾಧಾರಣವಾಗಿದ್ದ ವಾರ್ನಿಂಗ್ ಗಂಭೀರವಾದ ಸುದ್ದಿ ಆ ಹೇಳಿಕೆಯಲ್ಲೇ ಬರಬಹುದು. ಮನೆಯಲ್ಲಿ ಕಿವಿ ಕೇಳದ ಹಿರಿಯರಿದ್ದರೆ ಬಜರ್ ಜೊತೆ ಮಿಂಚುದೀಪ ಅಥವಾ ದಿಂಬಿನಡಿಯ ಕಂಪನದ ತಟ್ಟೆಯನ್ನು ರಿಲೇ ಮೂಲಕ ಜೋಡಿಸಿ.

ಕೌಂಟಿ ಮಟ್ಟದ ಎಚ್ಚರಿಕೆಯ ಮಿತಿ ದಾಟುವುದು ಮುಂದಿನ ಹಂತ. 2007ರ ಅಕ್ಟೋಬರಿನಿಂದ ಹವಾಮಾನ ಸೇವೆ ಬಿರುಗಾಳಿಯ ದಾರಿಗೆ ತಕ್ಕಂತೆ ನಕ್ಷೆಯ ಮೇಲೆ ಬಹುಭುಜ ಗೆರೆ ಎಳೆದು ವಾರ್ನಿಂಗ್ ಕೊಡುತ್ತದೆ. ಆ ಗೆರೆ ರೇಡಿಯೊ ಸಂಕೇತದಲ್ಲಿ ಬರುವುದಿಲ್ಲ, ಕೌಂಟಿಯ ಸಂಖ್ಯೆ ಮಾತ್ರ ಬರುತ್ತದೆ. ಗೆರೆ ಕೌಂಟಿಯ ಒಂದು ಮೂಲೆ ಸವರಿದರೂ ಇಡೀ ಕೌಂಟಿಯ ಸೆಟ್‌ಗಳು ಎದ್ದು ಕೂರುತ್ತವೆ. ಸೆಟ್ಟಿಗೆ ವೈಫೈ ಇದ್ದರೆ, ರೇಡಿಯೊ ಎಚ್ಚರಿಕೆ ಬಂದೊಡನೆ ಹವಾಮಾನ ಸೇವೆಯ ಉಚಿತ ಎಪಿಐನಿಂದ (ತಂತ್ರಾಂಶಗಳು ಅಂತರ್ಜಾಲದಲ್ಲಿ ಮಾಹಿತಿ ಕೇಳಿ ಪಡೆಯುವ ದಾರಿ) ಆ ಬಹುಭುಜ ತರಿಸಿ ಮನೆಯ ಅಕ್ಷಾಂಶ, ರೇಖಾಂಶ ಅದರೊಳಗಿದೆಯೇ ನೋಡಬಹುದು. ಕೋರಿಕೆಯ ತಲೆಬರಹದಲ್ಲಿ ನಿಮ್ಮ ತಂತ್ರಾಂಶದ ಹೆಸರು ಕೊಡದಿದ್ದರೆ ಅದು ತಿರಸ್ಕರಿಸುತ್ತದೆ.

ಇಲ್ಲಿ ನಿಯಮ ಬರೆಯುವಾಗ ಮೈಯೆಲ್ಲ ಕಣ್ಣಾಗಿರಿ. ‘ನನ್ನ ಜಾಗಕ್ಕೆ ಎಚ್ಚರಿಕೆ ಸಿಗಲಿಲ್ಲ’ ಎಂಬ ಉತ್ತರ ಬಂದರೆ ಸುಮ್ಮನಿರು ಎಂದು ಬರೆದರೆ ಅನಾಹುತ. ಅಂತರ್ಜಾಲ ಸತ್ತಿರಬಹುದು, ಎಪಿಐಗೆ ಸುದ್ದಿ ಇನ್ನೂ ತಲುಪದಿರಬಹುದು. ಅದೇ ಎಚ್ಚರಿಕೆ ಸಿಕ್ಕಿತು, ಅದರ ಬಹುಭುಜವೂ ಸಿಕ್ಕಿತು, ಮನೆ ಅದರಿಂದ ಹೊರಗಿದೆ. ಈ ಮೂರೂ ಖಚಿತವಾದರೆ ಮಾತ್ರ ಸೈರನ್ ಬದಲು ಮೆಲ್ಲನೆ ಟಿಣ್ ಎನ್ನಿಸಿ. ಹತ್ತು ಸೆಕೆಂಡಿನಲ್ಲಿ ಉತ್ತರ ಬರಲಿಲ್ಲವೇ, ಸೈರನ್. ಮನೆ ಗೆರೆಯ ಹೊರಗಿದ್ದರೂ ಎರಡು ಮೂರು ಮೈಲಿಯಷ್ಟು ಹತ್ತಿರವಿದ್ದರೆ ಸೈರನ್ನೇ, ಬಿರುಗಾಳಿ ಗೆರೆ ನೋಡಿಕೊಂಡು ನಡೆಯುವುದಿಲ್ಲ. ವೈಫೈ ಇರುವ ಮೈಕ್ರೊಕಂಟ್ರೋಲರ್ ಪ್ರಸಾರ ಮಾಡುವಾಗ ಕ್ಷಣಕಾಲ ಕೆಲವು ನೂರು ಮಿಲಿಆಂಪ್ ಎಳೆಯುತ್ತದೆ. ದುರ್ಬಲ ಬ್ಯಾಟರಿಯಲ್ಲಿ ಆಗ ವೋಲ್ಟೇಜ್ ಕುಸಿದು ಸೆಟ್ ರೀಸ್ಟಾರ್ಟ್ ಆಗುತ್ತದೆ, ಅದೂ ಎಚ್ಚರಿಕೆಯ ಹೊತ್ತಿನಲ್ಲೇ. ವಿದ್ಯುತ್ ಕಾಲುಗಳಿಗೆ ಹತ್ತಿರ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡಿ. ಬ್ಯಾಟರಿಯ ಮೇಲಿರುವಾಗ ವೈಫೈ ಬಂದ್ ಮಾಡಿ ಬರೀ ರೇಡಿಯೊ ನಂಬುವುದು ಇನ್ನೂ ಒಳ್ಳೆಯದು.

ಆರ್‌ಟಿಎಲ್ ಜಾತಿಯ ಯುಎಸ್‌ಬಿ ಡಾಂಗಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಲ್ಟಿಮಾನ್ ತಂತ್ರಾಂಶಕ್ಕೆ ಸೆಕೆಂಡಿಗೆ 22050 ಸ್ಯಾಂಪಲ್‌ನಂತೆ ಧ್ವನಿ ಹರಿಸಿದರೆ ಸಂಕೇತ ಅಕ್ಷರವಾಗಿ ಪರದೆಗೆ ಬರುತ್ತದೆ, ನೋಡಲು ಖುಷಿ. ಊರೊಳಗೆ ಬಲವಾದ ಎಫ್‌ಎಂ ಕೇಂದ್ರಗಳು ಅದರ ಕಿವಿ ಕಿವುಡು ಮಾಡುವುದರಿಂದ 88ರಿಂದ 108 ಮೆಗಾಹರ್ಟ್ಝ್ ತಡೆಯುವ ಫಿಲ್ಟರ್ ಬೇಕು. ಕಂಪ್ಯೂಟರ್ ಅಪ್‌ಡೇಟ್ ಆಗಿ ತಾನೇ ರೀಸ್ಟಾರ್ಟ್ ಆದ ರಾತ್ರಿ ಅದು ಯಾರನ್ನೂ ಎಬ್ಬಿಸುವುದಿಲ್ಲ.

ರಜೆಗೆ ಹೊರಟಾಗ ಅಪ್ಪ ಅಮ್ಮನಿಗೆಂದು ಇಂಥ ಸೆಟ್ ಕಟ್ಟಿಕೊಂಡು ಬೆಂಗಳೂರಿಗೋ ಶಿವಮೊಗ್ಗಕ್ಕೋ ಒಯ್ಯುವವರಿಗೆ ಒಂದು ಸೂಚನೆ. ಭಾರತದಲ್ಲಿ ಈ ಪ್ರಸಾರವೇ ಇಲ್ಲ, ಏಳು ಚಾನೆಲ್ಲಿನಲ್ಲೂ ಕೇಳುವುದು ಬರೀ ಸುಯ್ಯೆನ್ನುವ ಸದ್ದು. ಡಬ್ಲ್ಯೂಆರ್120ಕ್ಕೆ ಅಲ್ಲಿ ಬೇರೆ ಉಪಯೋಗವೂ ಇಲ್ಲ. ಎಎಂ ಇರುವ ಸೆಟ್ ಆದರೂ ಅಮೆರಿಕದ ಲೆಕ್ಕದಲ್ಲಿ 10 ಕಿಲೋಹರ್ಟ್ಝ್ ಹೆಜ್ಜೆ ಹಾಕುತ್ತದೆ, ಬೆಂಗಳೂರು ಆಕಾಶವಾಣಿಯ 612ಕ್ಕೆ ಸರಿಯಾಗಿ ಕೂರುವುದಿಲ್ಲ. 9ಕ್ಕೆ ಬದಲಿಸುವ ಸೌಲಭ್ಯ ಇದ್ದರೆ ಸರಿ. ಅಡಾಪ್ಟರಿನ ಮೇಲೆ 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230ಕ್ಕೆ ಸಿಕ್ಕಿಸಿದೊಡನೆ ಹೊಗೆ. ಊರಿನಲ್ಲಿರುವವರ ಫೋನಿಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಹಾಕಿಕೊಡಿ. ಮಲೆನಾಡಿನ ತೋಟದಲ್ಲಿ ಕೆಲಸ ಮಾಡುವವರಿದ್ದರೆ ಜೊತೆಗೆ ಸಿಡಿಲಿನ ಎಚ್ಚರಿಕೆ ಕೊಡುವ ‘ಸಿಡಿಲು’ ಅಥವಾ ‘ದಾಮಿನಿ’ ಆ್ಯಪೂ ಇರಲಿ. ಹಾಕಿದ ಮೇಲೆ ಲೊಕೇಶನ್ ಮತ್ತು ನೋಟಿಫಿಕೇಶನ್ ಅನುಮತಿ ಎರಡೂ ಕೊಟ್ಟಿದೆಯೇ, ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಆ್ಯಪನ್ನು ಮಲಗಿಸುತ್ತಿಲ್ಲವೇ ಎಂದು ನೀವೇ ನೋಡಿ ಬನ್ನಿ.